ಜೆನೋವಾದ ಹಳೇ ಬಂದರು: ಸಮುದ್ರಕ್ಕೆ ಬೆನ್ನು ಹಾಕಿ ಶುರು ಮಾಡಿ

ಇಟಲಿಯ ಜೆನೋವಾಕ್ಕೆ ಒಂದು ದಿನದ ಮಟ್ಟಿಗೆ ಹೋಗುವವರು ಸಾಮಾನ್ಯವಾಗಿ ರೈಲಿಳಿದು ನೇರ ಅಕ್ವೇರಿಯಂ ಸೇರುತ್ತಾರೆ. ಮೂರು ಗಂಟೆ ಮೀನು ನೋಡಿ, ಹೊರಗೆ ಒಂದು ಐಸ್‌ಕ್ರೀಂ ತಿಂದು, ಬಂದರು ನೋಡಿ ಮುಗೀತು ಅಂದುಕೊಂಡು ಸಂಜೆಯ ರೈಲು ಹಿಡಿಯುತ್ತಾರೆ. ಅವರು ನೋಡಿರುವುದು 1992ರ ಬಂದರನ್ನು. ಕೊಲಂಬಸ್ ಅಮೆರಿಕ ಮುಟ್ಟಿ 500 ವರ್ಷವಾಯಿತೆಂದು ನಡೆದ ಎಕ್ಸ್‌ಪೋಗಾಗಿ, ಇದೇ ಊರಿನ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಜಾಗ ಅದು. ಅದಕ್ಕಿಂತ ಎಷ್ಟೋ ಶತಮಾನ ಹಳೆಯ ಬಂದರು ಇರುವುದು ಅವರ ಬೆನ್ನ ಹಿಂದೆ, ರಸ್ತೆಯ ಆಚೆ ಬದಿಯಲ್ಲಿ.

ಊರಲ್ಲಿ ಎರಡು ದೊಡ್ಡ ರೈಲು ನಿಲ್ದಾಣಗಳಿವೆ, ಪಿಯಾತ್ಸಾ ಪ್ರಿಂಚಿಪೆ ಮತ್ತು ಬ್ರಿಞೋಲೆ. ಬಂದರಿಗೆ ಇಳಿಯಬೇಕಾದದ್ದು ಪ್ರಿಂಚಿಪೆಯಲ್ಲಿ. ಅಲ್ಲಿಂದ ನಡೆದರೆ ಹದಿನೈದು ಇಪ್ಪತ್ತು ನಿಮಿಷ. ಮೆಟ್ರೊ ಹಿಡಿದರೆ ಮೊದಲ ಸ್ಟಾಪ್ ದಾರ್ಸೆನಾ, ಇಳಿಯಬೇಕಾದದ್ದು ಎರಡನೆಯದು, ಸಾನ್ ಜೋರ್ಜೊ. ಚಕ್ರದ ಸೂಟ್‌ಕೇಸ್ ಇದ್ದರೆ ಮೆಟ್ರೊನೇ ವಾಸಿ. ಹಳೇ ಊರಿನ ಓಣಿಗಳ ಕಲ್ಲುಹಾಸಿನ ಮೇಲೆ ಅದನ್ನು ಎಳೆಯುವುದು ಕೈಗೂ ಚಕ್ರಕ್ಕೂ ಶಿಕ್ಷೆ. ಈ ಓಣಿಗಳಿಗೆ ಊರಿನವರ ಹೆಸರು ಕಾರುಜ್ಜಿ.

ಮೆಟ್ರೊದಿಂದ ಮೇಲೆ ಬಂದವರು ನೀರಿನ ಕಡೆ ಹೋಗದೆ ಎದುರಿನ ಕಮಾನುಸಾಲಿಗೆ ಹೋಗಿ. ಅದೇ ಸೊತ್ತೊರೀಪಾ. ಹೆಸರಿನ ಅರ್ಥವೇ ದಡದ ಕೆಳಗೆ ಅಂತ. ಹನ್ನೆರಡನೇ ಶತಮಾನದಲ್ಲಿ ನೀರು ಇಲ್ಲಿಯವರೆಗೂ ಇತ್ತು, ಸರಕು ಇಳಿಯುತ್ತಿದ್ದುದು ಈ ಕಮಾನುಗಳ ಮುಂದೆ. ಈಗಿನ ಅಗಲವಾದ ದಕ್ಕೆಯೆಲ್ಲ ಆಮೇಲೆ ತುಂಬಿಸಿಕೊಂಡ ನೆಲ. ಇಷ್ಟು ತಿಳಿದು ನಿಂತರೆ ಸಾಕು, ಒಳಗಿನ ಓಣಿಗಳು ಯಾಕೆ ಇತ್ತ ಕಡೆಗೇ ಇಳಿಯುತ್ತವೆ ಅನ್ನುವುದು ನಕ್ಷೆ ಬಿಚ್ಚದೆಯೂ ಗೊತ್ತಾಗುತ್ತದೆ.

ವಿಳಾಸ ಹುಡುಕುವಾಗ ಹೊಸಬರೆಲ್ಲ ಎಡವುವುದು ಒಂದೇ ಕಡೆ. ಜೆನೋವಾದಲ್ಲಿ ಒಂದೇ ಬೀದಿಗೆ ಎರಡು ಸಾಲು ಮನೆ ನಂಬರುಗಳಿವೆ. ಕಪ್ಪು ಬಣ್ಣದವು ಮನೆಗಳಿಗೆ, ಕೆಂಪು ಬಣ್ಣದವು ಅಂಗಡಿ ಹೋಟೆಲುಗಳಿಗೆ. ಎರಡೂ ಬೇರೆ ಬೇರೆ ಎಣಿಕೆ, ಹಾಗಾಗಿ ಕಪ್ಪು 16ಕ್ಕೂ ಕೆಂಪು 16ಕ್ಕೂ ನಡುವೆ ಎಷ್ಟೋ ಬಾಗಿಲುಗಳ ಅಂತರ ಇರಬಹುದು. ನಂಬರಿನ ನಂತರ ‘ಆರ್’ ಅಕ್ಷರ ಇದ್ದರೆ ಅದು ಕೆಂಪು, ರೊಸ್ಸೊ. ಅದನ್ನು ಬಿಟ್ಟು ಫೋನಿನಲ್ಲಿ ಹುಡುಕಿದರೆ ಯಾರದೋ ಮನೆ ಬಾಗಿಲ ಮುಂದೆ ನಿಲ್ಲುತ್ತೀರಿ.

ಸೊತ್ತೊರೀಪಾದಲ್ಲಿ ಮೀನು ಕರಿದು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಅಂಗಡಿಗಳಿವೆ. ಸಸ್ಯಾಹಾರಿಗಳು ಇಲ್ಲಿ ಎಚ್ಚರ. ಪಾನೀಸಾ ಅನ್ನುವ ಕಡಲೆಹಿಟ್ಟಿನ ತುಂಡುಗಳು ಒಳ್ಳೆಯ ತಿಂಡಿಯೇ, ಆದರೆ ಮೀನು ಬಿದ್ದ ಎಣ್ಣೆಯಲ್ಲೇ ಅವೂ ಬೀಳಬಹುದು. ಫಾರಿನಾತಾಕ್ಕೆ ಆ ತೊಂದರೆ ಇಲ್ಲ. ಕಡಲೆಹಿಟ್ಟು, ಅದರ ಸುಮಾರು ಮೂರರಷ್ಟು ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ ಸಾಮಾನು. ಕಲಸಿದ ಹಿಟ್ಟನ್ನು ಕೆಲವು ಗಂಟೆ ನೆನೆಯಲು ಬಿಟ್ಟು, ಮೇಲೆ ಕಟ್ಟಿದ ನೊರೆ ತೆಗೆದು, ಕಲಾಯಿ ಹಾಕಿದ ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಸುರಿದು ಕಟ್ಟಿಗೆಯ ಒಲೆಯೊಳಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ನಮ್ಮ ಕಡಲೆಹಿಟ್ಟಿನ ದೋಸೆ ಕಾವಲಿ ಬಿಟ್ಟು ಒಲೆ ಹೊಕ್ಕ ಹಾಗೆ. ಮೇಲೆ ಕರಿಮೆಣಸು ಉದುರಿಸಿಕೊಳ್ಳಿ. ಆರಿದರೆ ಚರ್ಮದಂತಾಗುತ್ತದೆ, ಆದ್ದರಿಂದ ಗಾಜಿನ ಹಿಂದೆ ಕೂತಿರುವ ತುಂಡು ಬೇಡ, ಮುಂದಿನ ತಟ್ಟೆ ಇಳಿಯುವವರೆಗೆ ಕಾಯಿರಿ. ‘ಬಿಯಾಂಕೆತ್ತಿ’ ಅಂತ ಬರೆದಿದ್ದರೆ ಅದರಲ್ಲಿ ಸಣ್ಣ ಮೀನುಮರಿ ಇರುತ್ತದೆ. ಫೊಕಾಚ್ಚಾ ಅನ್ನುವ ಚಪ್ಪಟೆ ಬ್ರೆಡ್ಡು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಒಂದು ಎತ್ತೊ ಅಂದರೆ 100 ಗ್ರಾಂ. ಫಲಕದ ಬೆಲೆ ಎತ್ತೊಗೋ ಕಿಲೋಗೋ ನೋಡಿಕೊಂಡೇ ಕೇಳಿ. ತುಳಸಿ ಜಾತಿಯ ಬೇಸಿಲ್ ಸೊಪ್ಪಿನ ಚಟ್ನಿಯಂಥ ಪೆಸ್ತೊದಲ್ಲಿ ಪಾರ್ಮೆಸಾನ್ ಚೀಸ್ ಇರುತ್ತದೆ, ಆ ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬೇಡದವರು ಮೊದಲೇ ತಿಳಿದಿರಲಿ.

ಕಮಾನುಸಾಲಿನ ಪಕ್ಕದಲ್ಲೇ ಬಣ್ಣದ ಗೋಡೆಯ ಅರಮನೆ, ಪಲಾತ್ಸೊ ಸಾನ್ ಜೋರ್ಜೊ. ಇದು ಬೆನ್ನಿಗೆ ಬೆನ್ನು ಹಚ್ಚಿದ ಎರಡು ಕಟ್ಟಡ. ಊರಿನ ಕಡೆಯದು 1260ರದು, ಇಟ್ಟಿಗೆ ಕಲ್ಲಿನ ಗಡಸು ಮುಖ. ಸಮುದ್ರದ ಕಡೆಯದು ಹದಿನಾರನೇ ಶತಮಾನದಲ್ಲಿ ಸೇರಿದ್ದು, ಮೈತುಂಬ ಚಿತ್ರ. ಮಾರ್ಕೊ ಪೋಲೊ ಸೆರೆಯಲ್ಲಿದ್ದು ತನ್ನ ಪ್ರವಾಸದ ಕಥೆ ಹೇಳಿ ಬರೆಸಿದ್ದು ಇಲ್ಲೇ ಎಂಬ ಪ್ರತೀತಿ ಇದೆ. ಚಿತ್ರದ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ನಂತರ. ಫೋಟೊಗೆ ಅಡ್ಡ ಬರುವ ಎತ್ತರದ ರಸ್ತೆ 1965ರದು. ಊರನ್ನೂ ನೀರನ್ನೂ ಕತ್ತರಿಸಿಟ್ಟ ಕಾಂಕ್ರೀಟು. ಅದನ್ನು ತಪ್ಪಿಸಿ ಚಿತ್ರ ತೆಗೆಯಬೇಕಾದರೆ ಅದರ ಕಂಬಗಳನ್ನು ದಾಟಿ ಅರಮನೆಯ ಹತ್ತಿರಕ್ಕೇ ಬರಬೇಕು. ಒಳಗೆ ಎರಡು ಹೆಜ್ಜೆ ಹಾಕಿದರೆ ಬಾಂಕಿ ಚೌಕದಲ್ಲಿ ಒಂದು ಚರ್ಚು ಸಿಗುತ್ತದೆ. ಕೆಳಗೆ ಅಂಗಡಿ, ಮೇಲೆ ದೇವರು. ಕಟ್ಟುವ ಖರ್ಚು ಹುಟ್ಟಿದ್ದೇ ಆ ಅಂಗಡಿಗಳಿಂದ. ವ್ಯಾಪಾರಿಗಳ ಊರು ಅಂದರೆ ಇದು.

ಈಗ ದಕ್ಕೆಗೆ ಬನ್ನಿ. ಜೇಡದ ಕಾಲಿನಂತೆ ಚಾಚಿದ ಬಿಳಿ ಕಂಬಗಳೇ ಬೀಗೊ. ಹಡಗಿನ ಸರಕೆತ್ತುವ ತೋಳುಗಳ ನೆನಪಿಗೆ ಪಿಯಾನೊ ಮಾಡಿದ್ದು, ಪಕ್ಕದ ಚೌಕದ ಬಟ್ಟೆ ಚಾವಣಿಯನ್ನು ಹಿಡಿದೆತ್ತಿರುವುದೂ ಅವೇ. ಅದರ ಲಿಫ್ಟ್ 40 ಮೀಟರ್ ಏರುತ್ತದೆ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಅಕ್ವೇರಿಯಂಗೆ ಮಕ್ಕಳಿದ್ದರೆ ಹೋಗಿ, ಸಮಯ ನಮೂದಿಸಿದ ಟಿಕೆಟ್ ಮೊದಲೇ ಕೊಳ್ಳಿ. ಮಕ್ಕಳಿಲ್ಲದವರು ಆ ದುಡ್ಡನ್ನು ದಾರ್ಸೆನಾದ ಗಲಾತಾ ಕಡಲ ಸಂಗ್ರಹಾಲಯಕ್ಕೆ ಕೊಡುವುದು ಮೇಲು. ಒಳಗೆ ಹುಟ್ಟು ಹಾಕುವ ಗ್ಯಾಲಿ ಹಡಗಿನ ಪೂರ್ಣ ಗಾತ್ರದ ಮರುರಚನೆ, ಅಮೆರಿಕಕ್ಕೆ ವಲಸೆ ಹೋದವರ ವಿಭಾಗ, ಛಾವಣಿಯಲ್ಲಿ ನೋಟದ ಕಟ್ಟೆ ಇವೆ. ಹೊರಗೆ ನೀರಲ್ಲಿ ನಜಾರಿಯೊ ಸೌರೊ ಜಲಾಂತರ್ಗಾಮಿ ನಿಂತಿದೆ, 1976ರಲ್ಲಿ ನೀರಿಗಿಳಿದದ್ದು, ಉದ್ದ ಸುಮಾರು 64 ಮೀಟರ್. ಒಳಗೆ ಹೋಗುವ ಮುಂಚೆ ಹೆಲ್ಮೆಟ್ ಕೊಡುತ್ತಾರೆ, ಬೇಡ ಅನ್ನಬೇಡಿ, ತಲೆಯ ಮೇಲೆಲ್ಲ ಕೊಳವೆ, ವಾಲ್ವು. ಒಂದು ಕೋಣೆಯಿಂದ ಇನ್ನೊಂದಕ್ಕೆ ಬಗ್ಗಿ, ಕಾಲೆತ್ತಿ ದಾಟಬೇಕು; ಮಂಡಿನೋವಿನವರಿಗೂ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡವರಿಗೂ ಅದು ಕಷ್ಟ.

ಲಂತೆರ್ನಾ ದೀಪಸ್ತಂಭ ದೂರದಿಂದ ಹತ್ತಿರ ಕಾಣುತ್ತದೆ, ಹತ್ತಿರವಲ್ಲ. ಕಟ್ಟಡ 77 ಮೀಟರ್, ಕೆಳಗಿನ ಬಂಡೆಯೂ ಸೇರಿ ನೀರಿನಿಂದ 117 ಮೀಟರ್. ಈಗಿನ ರೂಪ 1543ರದು. ಜನರನ್ನು ಬಿಡುವುದು 172 ಮೆಟ್ಟಿಲ ಮೇಲಿನ ಮೊದಲ ಕಟ್ಟೆಯವರೆಗೆ. ಕಾಲುದಾರಿ ದೋಣಿ ಟರ್ಮಿನಲ್ ಕಡೆಯಿಂದ ಶುರುವಾಗುತ್ತದೆ. ತೆರೆದಿರುವ ದಿನ ನೋಡಿಕೊಳ್ಳದೆ ಹೊರಡಬೇಡಿ.

ಶರತ್ಕಾಲದಲ್ಲಿ ಹೋಗುವವರು ಮಳೆಯ ಎಚ್ಚರಿಕೆಯ ಬಣ್ಣವನ್ನು ಬೆಳಿಗ್ಗೆಯೇ ನೋಡಿ: ಹಳದಿ, ಕಿತ್ತಳೆ, ಕೆಂಪು. ಬೆನ್ನಿಗೇ ಬೆಟ್ಟ ಇರುವ ಊರು, ಮಳೆ ನೀರಿಗೆ ಹರಿದು ಹೋಗಲು ಜಾಗ ಕಡಿಮೆ. 2011ರಲ್ಲೂ 2014ರಲ್ಲೂ ಪ್ರವಾಹ ಬಂದಿತ್ತು. ಕೆಂಪು ಬಂದ ದಿನ ಸಂಗ್ರಹಾಲಯಗಳು ಮುಚ್ಚಬಹುದು. ಅಂಥ ದಿನ ಜೆನೋವಾ ಬೇಡ.

ಸಂಜೆಗೆ ಪೊರ್ತೆಲ್ಲೊ ಚೌಕದ ಲಿಫ್ಟ್ ಹತ್ತಿ ಕಾಸ್ತೆಲ್ಲೆತ್ತೊ ಕಟ್ಟೆಗೆ ಹೋಗಿ. ಗಾಳಿಗೆ ಬೀಗೊದ ಲಿಫ್ಟ್ ನಿಲ್ಲಿಸಿದ್ದರೂ ಚಿಂತೆಯಿಲ್ಲ, ನೋಟ ಇಲ್ಲಿಯದೇ ದೊಡ್ಡದು: ಸ್ಲೇಟ್ ಕಲ್ಲಿನ ಬೂದು ಛಾವಣಿಗಳು, ಅವುಗಳಾಚೆ ಕ್ರೇನುಗಳು, ಬಲಗಡೆ ಲಂತೆರ್ನಾ.