ತೂತು ಮಾತ್ರ ಇದೆ ಸಾರ್

“ಇದರಲ್ಲಿ ಪಿಕ್ಚರ್ ಬರಲ್ಲ ಸಾರ್. ತೂತು ಮಾತ್ರ ಇದೆ.”

ಶನಿವಾರ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡಿನಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಒಂದು ಅಂಗಡಿಯ ಹುಡುಗ ಹೇಳಿದ ಮಾತು. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಹೇಳಿದವನೇ ಪಕ್ಕದ ಗಿರಾಕಿಗೆ ಎಸ್‌ಎಸ್‌ಡಿ ತೋರಿಸಲು ಹೋದ. ನಾನು ಹೆಂಡತಿಯ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎತ್ತಿಕೊಂಡು ಅಲ್ಲೇ ನಿಂತಿದ್ದೆ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿರುವವನು ನಾನು. ನೆಂಟರಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ನನಗೇ ಫೋನು ಬರುತ್ತದೆ.

ಹೆಂಡತಿ ಮನೆಯಿಂದಲೇ ನಾಲ್ಕೈದು ಕಂಪನಿಗಳ ಲೆಕ್ಕ ನೋಡುತ್ತಾಳೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನಗಳಾದ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಅಂತ ಯಾರೂ ಹೇಳುವ ಹಾಗಿಲ್ಲ. ಡಿಜಿಟಲ್ ಸಹಿ ಹಾಕುವ, ಯುಎಸ್‌ಬಿಗೆ ಚುಚ್ಚುವ ಡಿಎಸ್‌ಸಿ ಡಾಂಗಲ್‌ಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಒಂದೊಂದಕ್ಕೂ ಒಂದೊಂದು ಕಂಪನಿಯ ಹೆಸರಿನ ಚೀಟಿ. ಹೋದ ತಿಂಗಳು ಹೊಸ ಲ್ಯಾಪ್‌ಟಾಪ್ ಬಂತು. ಬಂದ ವಾರವೇ ಅವಳು, “ಯುಎಸ್‌ಬಿ ಸಾಲ್ತಿಲ್ಲ ರೀ. ಡಾಂಗಲ್ ಹಾಕಬೇಕಂದ್ರೆ ಪ್ರಿಂಟರ್ ಕೀಳಬೇಕು” ಅಂದಳು.

ಅವಳು ಕೇಳಿದ್ದು ಇಷ್ಟೇ.

ಆದರೆ ನನ್ನ ತಲೆಯಲ್ಲಿ ಆಫೀಸಿನ ಮೇಜಿತ್ತು. ಅಲ್ಲಿ ಒಂದು ಡಾಕ್ ಇದೆ. ಬೆಳಿಗ್ಗೆ ಹೋಗಿ ಒಂದು ಕೇಬಲ್ ಚುಚ್ಚಿದರೆ ಎರಡು ಪರದೆ, ಕೀಬೋರ್ಡ್, ಮೌಸ್, ನೆಟ್, ಚಾರ್ಜಿಂಗ್ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಆ ಸುಖವನ್ನು ಇವಳಿಗೂ ತೋರಿಸಬೇಕು ಅನ್ನಿಸಿತು. ಒಂದೇ ಕೇಬಲ್!

ಎರಡು ರಾತ್ರಿ ಕೂತು ಓದಿದೆ. ಡಾಕಿನ ಕೆಲಸವನ್ನೇ ಮಾಡುವ ಸಣ್ಣ ಪೆಟ್ಟಿಗೆಗೆ ಹಬ್ ಅನ್ನುತ್ತಾರೆ, ಲ್ಯಾಪ್‌ಟಾಪಿನ ಟೈಪ್ ಸಿ ತೂತಿಗೆ ಚುಚ್ಚುವುದು. ಅಗ್ಗದ ಹಬ್‌ಗಳ ಮೇಲೆ 4ಕೆ (ತೀರಾ ಸ್ಪಷ್ಟ ಚಿತ್ರ) ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಎಲ್ಲೋ ಕೆಳಗೆ ಸಣ್ಣಗೆ 30 ಹರ್ಟ್ಸ್ ಅಂತ ಇರುತ್ತದೆ. ಪರದೆ ಸೆಕೆಂಡಿಗೆ 30 ಸಲ ಮಾತ್ರ ಬದಲಾದರೆ ಮೌಸಿನ ಬಾಣ ಕೆಸರಿನಲ್ಲಿ ನಡೆದ ಹಾಗೆ ಕಾಣುತ್ತದೆ. 60 ಇರಲೇಬೇಕು. ಹಬ್ಬಿನ ಮೇಲೆ 100 ವ್ಯಾಟ್ ಅಂತಿದ್ದರೆ ಪೂರಾ 100 ಲ್ಯಾಪ್‌ಟಾಪಿಗೆ ಹೋಗುವುದಿಲ್ಲ, ಹತ್ತು ಹದಿನೈದು ವ್ಯಾಟನ್ನು ಹಬ್ಬೇ ಇಟ್ಟುಕೊಳ್ಳುತ್ತದೆ. 60 ವ್ಯಾಟ್ ದಾಟಬೇಕಾದರೆ ಕೇಬಲ್ಲಿನ ಒಳಗೇ ಒಂದು ಸಣ್ಣ ಚಿಪ್ ಇರಬೇಕು. ಎಲ್ಲ ಬಾಯಿಪಾಠ ಆಯಿತು. ನಮ್ಮ ಮನೆಯ ಮಾನಿಟರ್ ಹಳೇದು, 4ಕೆ ಅಲ್ಲವೇ ಅಲ್ಲ ಅನ್ನುವುದು ಬೇರೆ ಮಾತು.

ಮೊದಲನೇ ಹಬ್ ಬಂತು. 1,899 ರೂಪಾಯಿ. ಕೀಬೋರ್ಡ್ ಕೆಲಸ ಮಾಡಿತು, ಪೆನ್‌ಡ್ರೈವ್ ಕಂಡಿತು. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ಪರದೆಯ ಮೂಲೆಯಿಂದ ಮೂಲೆಗೆ ಓಡಾಡುತ್ತಿತ್ತು. ನನ್ನ ಸಿ ಚಾರ್ಜರನ್ನು ಹಬ್ಬಿಗೆ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜೂ ಆಗಲಿಲ್ಲ. ವಾಪಸ್ ಕಳಿಸಿದೆ. ಕಳಿಸುವ ಮೊದಲು ಒಂದು ಸ್ಟಾರ್ ಒತ್ತಿ, “ಡಬ್ಬಾ ಮಾಲು. ದುಡ್ಡು ದಂಡ. ಯಾರೂ ತಗೋಬೇಡಿ” ಅಂತ ಬರೆದೆ. ಬರೆಯುವಾಗ ಒಂಥರಾ ಸಮಾಜಸೇವೆ ಮಾಡಿದ ಹಾಗಿತ್ತು.

ಎರಡನೇದು 3,499. ಅಲ್ಯೂಮಿನಿಯಂ ಮೈ, ಚೆಂದದ ಪೆಟ್ಟಿಗೆ. ಇದೂ ನೋ ಸಿಗ್ನಲ್. ಆಫೀಸ್ ಲ್ಯಾಪ್‌ಟಾಪಿಗೆ ಹಾಕಿ ನೋಡಬಹುದಿತ್ತು, ಆದರೆ ಅದಕ್ಕೆ ಹೊರಗಿನದ್ದು ಏನೂ ಚುಚ್ಚಬಾರದು ಅಂತ ನಿಯಮ. ನಾನು ಡ್ರೈವರ್ ಹಾಕಿದೆ, ಬಯಾಸ್ ಅಪ್‌ಡೇಟ್ ಮಾಡಿದೆ, ಕೇಬಲ್ ತಿರುಗಿಸಿ ಹಾಕಿದೆ. ಸಿ ಕೇಬಲ್ ಹೇಗೆ ಹಾಕಿದರೂ ಒಂದೇ ಅಂತ ಗೊತ್ತಿದ್ದೂ ತಿರುಗಿಸಿದೆ.

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, “ಲ್ಯಾಪ್‌ಟಾಪ್‌ನಲ್ಲೇ ಎಚ್‌ಡಿಎಂಐ ಇದೆಯಲ್ಲ ರೀ, ಮಾನಿಟರ್ ಅದಕ್ಕೇ ಹಾಕಿದ್ರೆ ಆಯ್ತಪ್ಪ” ಅಂದಳು.

“ಅದಲ್ಲ ಕಣೇ. ಒಂದೇ ಕೇಬಲ್ ಆಗಬೇಕು.”

“ಯಾಕೆ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 20ಕ್ಕೆ ಮೂರೇ ದಿನ ಇತ್ತು. ಮರುದಿನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ.

ಎಸ್‌ಪಿ ರೋಡಿನವರ ಬಗ್ಗೆ ನನಗೆ ಅಂಥ ಒಳ್ಳೇ ಅಭಿಪ್ರಾಯ ಇರಲಿಲ್ಲ. ಬಿಲ್ ಕೇಳಿದರೆ ಒಂದು ರೇಟು, ಬೇಡ ಅಂದರೆ ಇನ್ನೊಂದು. “ಒಳ್ಳೇ ಡಾಕ್ ತೋರಿಸಪ್ಪ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ” ಅಂದೆ. ಹೀಗೆ ಹೇಳುವ ಗಿರಾಕಿಗೆ ಏನನ್ನಾದರೂ ಮಾರಬಹುದು. ಆ ಹುಡುಗ ಏನನ್ನೂ ತೆಗೆಯಲಿಲ್ಲ.

“ಏನೇನು ಹಾಕ್ತೀರ ಸಾರ್?”

ಹೇಳಿದೆ. ಮಾನಿಟರ್, ಪ್ರಿಂಟರ್, ಕೀಬೋರ್ಡ್, ಮೌಸ್, ಡಿಎಸ್‌ಸಿ.

“ಇದಕ್ಕೆ ಚಾರ್ಜರ್ ಯಾವುದು ಬಂತು? ರೌಂಡ್ ಪಿನ್ನಾ?”

ಹೌದು, ರೌಂಡ್ ಪಿನ್ನೇ, ಸಿ ಅಲ್ಲ. ಅವನ ಮುಖ ನೋಡಿದಾಗಲೇ ನನಗೆ ಏನೋ ಕಸಿವಿಸಿ ಆಯಿತು. ಲ್ಯಾಪ್‌ಟಾಪನ್ನು ತಗೊಂಡು ಟ್ಯೂಬ್‌ಲೈಟ್ ಕಡೆ ಓರೆ ಮಾಡಿ ಸಿ ತೂತಿನ ಪಕ್ಕದ ಗುರುತು ನೋಡಿದ. ಚಿತ್ರ ಕಳಿಸುವ ತೂತಿನ ಪಕ್ಕ ಸಾಮಾನ್ಯವಾಗಿ ಡಿ ಅಕ್ಷರದ ಥರದ ಒಂದು ಗುರುತೋ, ಥಂಡರ್‌ಬೋಲ್ಟ್ ಅನ್ನುವ ಹೆಚ್ಚು ವೇಗದ ಸಿ ಆಗಿದ್ದರೆ ಮಿಂಚಿನ ಗುರುತೋ ಇರುತ್ತದೆ. ಇದರ ಪಕ್ಕ ಅವೆರಡೂ ಇರಲಿಲ್ಲ. ಗುರುತು ಹಾಕದೇ ಬಿಡುವ ಕಂಪನಿಗಳೂ ಇವೆ ಅಂತ, ಅಡಿಯಲ್ಲಿದ್ದ ಮಾಡೆಲ್ ನಂಬರನ್ನು ತನ್ನ ಫೋನಿನಲ್ಲಿ ಹುಡುಕಿದ. ಅರ್ಧ ನಿಮಿಷ. ಆಮೇಲೆ ಆ ಮಾತು.

ಇದರಲ್ಲಿ ಪಿಕ್ಚರ್ ಬರಲ್ಲ ಸಾರ್.

ಅಂದರೆ ಎರಡು ಹಬ್‌ಗಳಲ್ಲೂ ಏನೂ ದೋಷ ಇರಲಿಲ್ಲ. ಗಂಡಿನ ಜಾತಕ ಅರೆದು ಕುಡಿದಿದ್ದೆ, ಹೆಣ್ಣಿನ ಜಾತಕ ಬಿಚ್ಚಿಯೇ ನೋಡಿರಲಿಲ್ಲ. ಸಿ ಅನ್ನುವುದು ಬಾಯಿಯ ಆಕಾರ ಅಷ್ಟೇ. ಆ ಬಾಯಿಯ ಹಿಂದೆ ಬರೀ ಡೇಟಾ ಇರಬಹುದು, ಚಾರ್ಜಿಂಗ್ ಇರಬಹುದು, ಚಿತ್ರವೂ ಇರಬಹುದು. ಯಾವುದು ಇದೆ ಅಂತ ಆಕಾರ ನೋಡಿದರೆ ಗೊತ್ತಾಗುವುದಿಲ್ಲ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಡೇಟಾ ಒಂದನ್ನೇ ಕೊಟ್ಟು, ‘ಟೈಪ್ ಸಿ ಇದೆ’ ಅಂತ ಪೆಟ್ಟಿಗೆಯ ಮೇಲೆ ಬರೆದರೂ ಅದು ಸುಳ್ಳಾಗುವುದಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಮಾನಿಟರಿಗೆ ನೀಲಿ ವಿಜಿಎ ಇತ್ತು. 15 ಪಿನ್ನು, ಎರಡು ಕಡೆ ಸ್ಕ್ರೂ. ಕೀಬೋರ್ಡಿಗೂ ಮೌಸಿಗೂ ದುಂಡನೆಯ ತೂತು. ಒಂದರ ಬಾಯಿಗೆ ಇನ್ನೊಂದನ್ನು ತುರುಕಲು ಹೋಗಿ ಪಿನ್ನು ಬಗ್ಗಿಸಿಕೊಂಡವರು ಬೇಕಾದಷ್ಟು ಜನ. ಆ ತಾಪತ್ರಯವೆಲ್ಲ ಸಾಕು ಅಂತಲೇ 2014ರಲ್ಲಿ 24 ಪಿನ್ನಿನ ಈ ಸಿ ಬಂತು. ಒಳ್ಳೆಯದೇ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆಗ ಆಗದ್ದು ಸಾಮಾನ್ಯವಾಗಿ ಕೂರುತ್ತಿರಲಿಲ್ಲ. ಕೂರದಿದ್ದರೆ ಇದು ಇದರದ್ದಲ್ಲ ಅಂತ ತಿಳಿದು ಬೇರೆ ದಾರಿ ನೋಡುತ್ತಿದ್ದೆವು. ಈಗ ಎಲ್ಲವೂ ಟಕ್ ಅಂತ ಕೂರುತ್ತದೆ. ಕೂತ ಮೇಲೆ ಸುಮ್ಮನಿರುತ್ತದೆ.

ಲ್ಯಾಪ್‌ಟಾಪ್ ಕೊಂಡ ಎಸಿ ಶೋರೂಮಿನವನು ನೆನಪಾದ. ಟೈ ಕಟ್ಟಿದ್ದ, ಕೇಳಿದ್ದಕ್ಕೆಲ್ಲ ‘ಎಸ್ ಸಾರ್’. ಮಾನಿಟರ್ ಹಾಕಬಹುದಾ? ಎಸ್ ಸಾರ್. ಟೈಪ್ ಸಿ ಇದೆಯಾ? ಎಸ್ ಸಾರ್. ಎರಡೂ ನಿಜವೇ. ಏನೇನು ಹಾಕ್ತೀರ ಅಂತ ಅವನು ಕೇಳಲಿಲ್ಲ. ಅವನನ್ನು ಬೈಯಲು ಹೊರಟೆ, ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಿರಾಕಿಗೆ ನಿಜವಾಗಿ ಏನು ಬೇಕು ಅಂತ ಕೇಳಿ ಬರೆದುಕೊಳ್ಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿದ್ದ ಗಿರಾಕಿ ಮೊದಲನೇ ದಿನವೇ ಬಾಯಿಬಿಟ್ಟು ಹೇಳಿದ್ದಳು.

ಹುಡುಗ ವಾಪಸ್ ಬಂದ. “ಬೇಕೇಬೇಕು ಅಂದ್ರೆ ಡಿಸ್‌ಪ್ಲೇಲಿಂಕ್ ಡಾಕ್ ಇದೆ ಸಾರ್. ಪಿಕ್ಚರನ್ನೂ ಡೇಟಾ ಮಾಡಿ ಕಳಿಸುತ್ತೆ, ಡ್ರೈವರ್ ಹಾಕ್ಕೋಬೇಕು. ಹತ್ತು ಸಾವಿರದ ಮೇಲಾಗುತ್ತೆ. ಮೇಡಂಗೆ ಅಷ್ಟೆಲ್ಲ ಯಾಕೆ? ಎಚ್‌ಡಿಎಂಐ ಇದೆಯಲ್ಲ.”

ಅದೇ ಮಾತು, ಅಡುಗೆಮನೆ ಬಾಗಿಲಿನದ್ದು.

ನಾಲ್ಕು ತೂತಿನ ಸಾದಾ ಯುಎಸ್‌ಬಿ ಹಬ್ ಕೊಟ್ಟ. 650 ರೂಪಾಯಿ. ಬಿಲ್ಲೂ ಕೊಟ್ಟ, ಕೇಳದೆ. ಮೆಟ್ಟಿಲು ಇಳಿಯುವಾಗ ಮೇಲಿಂದ ಕೂಗಿ, “ಮೌಸ್ ಡಾಂಗಲ್ ಹಬ್ಬಿಗೆ ಹಾಕಬೇಡಿ, ಲ್ಯಾಪ್‌ಟಾಪಿನ ಆ ಕಡೆ ಹಾಕಿ, ಇಲ್ಲಾಂದ್ರೆ ತಡವರಿಸುತ್ತೆ” ಅಂದ. ಮನೆಗೆ ಬಂದು ನೋಡಿದರೆ ಅದೂ ನಿಜ. ಯುಎಸ್‌ಬಿ 3 ಕೆಲಸ ಮಾಡುವಾಗ ಏಳುವ ಗದ್ದಲ ವೈರ್‌ಲೆಸ್ ಮೌಸಿನ 2.4 ಗಿಗಾಹರ್ಟ್ಸ್ ಹತ್ತಿರವೇ ಬೀಳುತ್ತದೆ. ಇಂಟೆಲ್‌ನವರು 2012ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ನನ್ನ ಎರಡು ರಾತ್ರಿಯ ಓದಿನಲ್ಲಿ ಇದು ಸಿಕ್ಕಿರಲಿಲ್ಲ.

ಈಗ ಮೇಜಿನ ಮೇಲೆ ಮೂರು ಕೇಬಲ್. ಅವಳಿಗೆ ಅದರಿಂದ ಏನೂ ತೊಂದರೆ ಇಲ್ಲ. 20ರ ರಿಟರ್ನುಗಳು ಹೋದವು.

ಭಾನುವಾರ ರಾತ್ರಿ ಕೂತು ಆ ಒಂದು ಸ್ಟಾರಿನ ರಿವ್ಯೂ ಹುಡುಕಿದೆ. ಅಳಿಸೋಣ ಅಂತ. ಅದರ ಕೆಳಗೆ 11 ಜನ ‘ಉಪಯುಕ್ತ’ ಅಂತ ಒತ್ತಿದ್ದರು.