ಸ್ಕ್ರೀನ್ ಹೋಗಿರಲಿಲ್ಲ, ಕಿಲುಬು ಹಿಡಿದಿತ್ತು

ಆಷಾಢದ ಮಳೆ ಜೋರಿತ್ತು. ರಾತ್ರಿ ಲ್ಯಾಪ್‌ಟಾಪ್ ತೆರೆದ ಮಗಳು ಕೋಣೆಯಿಂದಲೇ ಕೂಗಿದಳು, "ಅಪ್ಪಾ, ಸ್ಕ್ರೀನ್ ಬರ್ತಾ ಇಲ್ಲ." ಫ್ಯಾನ್ ತಿರುಗುತ್ತಿತ್ತು, ಕೀಬೋರ್ಡಿನ ದೀಪ ಉರಿಯುತ್ತಿತ್ತು. ಸ್ಕ್ರೀನ್ ಮಾತ್ರ ಕಪ್ಪು. ಅವಳ ಕಾಲೇಜಿನ ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಇತ್ತು.

ಮರುದಿನ ಕುಮಟಾ ಪೇಟೆಯ ಒಂದು ಅಂಗಡಿಗೆ ಒಯ್ದೆ. "ಪ್ಯಾನೆಲ್ ಹೋಗಿದೆ, 6,500 ಆಗ್ತದೆ" ಎಂದರು. ಬಿಚ್ಚಿಯೂ ನೋಡದೆ ಹೇಳಿದ್ದು ನನಗೆ ಸರಿ ಬರಲಿಲ್ಲ. ವಾಪಸ್ ತಂದೆ.

ಮೊದಲು ಎಚ್‌ಡಿಎಂಐ ವೈರಿನಿಂದ ಟಿವಿಗೆ ಜೋಡಿಸಿದೆವು. ಎಲ್ಲವೂ ಸ್ಪಷ್ಟವಾಗಿ ಬಂತು. ಪ್ರಾಜೆಕ್ಟ್ ಇದೆ ಅಂತ ಗೊತ್ತಾಗಿ ಮಗಳಿಗೆ ಜೀವ ಬಂತು. ಆಮೇಲೆ ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕಪ್ಪು ಸ್ಕ್ರೀನಿಗೆ ಓರೆಯಾಗಿ ಹಿಡಿದೆ. ಐಕಾನುಗಳು ಕಂಡವು! ತೀರಾ ಮಸುಕಾಗಿ, ಬಾವಿ ತಳದ ಕಲ್ಲು ಕಂಡ ಹಾಗೆ. ಅಂದರೆ ಚಿತ್ರ ಬರ್ತಾ ಇದೆ, ಅದನ್ನು ಹಿಂದಿನಿಂದ ಬೆಳಗುವ ಬ್ಯಾಕ್‌ಲೈಟ್ ಇಲ್ಲ. ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಒಮ್ಮೆ ಮಿಂಚಿ ಆರಿತು. ಚಿತ್ರಕ್ಕೂ ಬೆಳಕಿಗೂ ಒಂದೇ ಕೇಬಲ್ ಅಲ್ವಾ, ಅನುಮಾನ ಅದರ ಮೇಲೇ ಹೋಯಿತು.

ನೀವೂ ಬಿಚ್ಚುವುದಾದರೆ ಚಾರ್ಜರ್ ತೆಗೆದರೆ ಸಾಲದು. ತಳ ಬಿಚ್ಚಿ ಬ್ಯಾಟರಿಯ ಕನೆಕ್ಟರನ್ನೂ ಕಳಚಿ. ಕರೆಂಟ್ ಇರುವಾಗ ಸ್ಕ್ರೀನ್ ಕೇಬಲ್ ಎಳೆದರೆ ಮದರ್‌ಬೋರ್ಡಿನಲ್ಲಿರುವ ಬ್ಯಾಕ್‌ಲೈಟ್ ಫ್ಯೂಸ್ ಹೋಗಬಹುದು. ಆಗ ಹೊಸ ಪ್ಯಾನೆಲ್ ಹಾಕಿದರೂ ಬೆಳಕು ಬರುವುದಿಲ್ಲ.

ಅಂಚಿನ ಫ್ರೇಮನ್ನು ಹಳೆ ಎಟಿಎಂ ಕಾರ್ಡಿನಿಂದ ಎಬ್ಬಿಸಿದೆ. ನಾಲ್ಕು ಸ್ಕ್ರೂ ತೆಗೆದು, ಕೀಬೋರ್ಡಿನ ಮೇಲೆ ಟವೆಲ್ ಹಾಸಿ, ಪ್ಯಾನೆಲನ್ನು ಕವುಚಿ ಮಲಗಿಸಿದೆವು. ಟೇಪ್ ಸುಲಿದು ಸ್ಕ್ರೀನ್ ಕೇಬಲ್ಲಿನ ಕನೆಕ್ಟರನ್ನು ಮೆಲ್ಲಗೆ ಜಾರಿಸಿದೆ. ಹೆಬ್ಬೆರಳ ಉಗುರಿನಷ್ಟು ಅಗಲದಲ್ಲಿ 30 ಪಿನ್. ಒಂದು ತುದಿಯ ನಾಲ್ಕೈದು ಪಿನ್ನುಗಳ ಮೇಲೆ ಹಸಿರು ಕಿಲುಬು. ಹಿತ್ತಾಳೆ ದೀಪಕ್ಕೆ ಹಿಡಿಯುತ್ತದಲ್ಲ, ಅದೇ. ಬೆಳಕಿಗೆ ಕರೆಂಟ್ ಕೊಡುವ ಪಿನ್ನುಗಳೂ ಆ ತುದಿಯಲ್ಲೇ.

ನಮ್ಮ ಮನೆಗೆ ಸಮುದ್ರ ಹತ್ತಿರ. ಕಿಟಕಿ ಸರಳಿಗೆ ವರ್ಷ ವರ್ಷ ಬಣ್ಣ ಹೊಡೆದರೂ ತುಕ್ಕು ತಪ್ಪುವುದಿಲ್ಲ. ಅದೇ ಕಿಟಕಿಯ ಪಕ್ಕ ಮೂರು ಮಳೆಗಾಲ ಲ್ಯಾಪ್‌ಟಾಪ್ ಇಟ್ಟಿದ್ದೆವು.

99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಮೆತ್ತನೆಯ ಟೂತ್‌ಬ್ರಷ್‌ನಿಂದ ಎರಡು ಸಲ ಉಜ್ಜಿದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಜಾಸ್ತಿ. ಅರ್ಧ ಗಂಟೆ ಆರಲು ಬಿಟ್ಟು, ಎಲ್ಲಾ ಜೋಡಿಸಿ, ಬಟನ್ ಒತ್ತುವುದನ್ನು ಮಗಳಿಗೇ ಬಿಟ್ಟೆ. ಕತ್ತಲಲ್ಲಿ ಅವಳ ಮುಖದ ಮೇಲೆ ಬೆಳಕು ಬಿತ್ತು.

ಈಗ ಮೇಜು ಒಳಗಿನ ಗೋಡೆಗೆ ಬಂದಿದೆ.