ಮೊಬೈಲ್ ಮುಂದೆ ಎರಡು ಗಂಟೆ ಕೂರ್ತಾನೆ, ಪುಸ್ತಕದ ಮುಂದೆ ಯಾಕೆ ಕೂರಲ್ಲ?

ನಾನು ಮೈಸೂರಿನಲ್ಲಿ ಕಲಿಕೆಯ ತೊಡಕಿರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಎಡಿಎಚ್‌ಡಿ ಇರುವ ಮಕ್ಕಳೇ ಜಾಸ್ತಿ. ಗಮನ ನಿಲ್ಲಿಸುವುದು, ಚಡಪಡಿಕೆ ತಡೆಯುವುದು ಕಷ್ಟವಾಗುವ, ಮಿದುಳಿನ ಬೆಳವಣಿಗೆಯ ತೊಂದರೆಗೆ ಹಾಗನ್ನುತ್ತಾರೆ. ಅಪ್ಪ, ಅಮ್ಮ, ಅಜ್ಜಿ, ಶಾಲೆಯ ಟೀಚರ್, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಮೊಬೈಲ್ ಕೊಟ್ರೆ ಎರಡು ಗಂಟೆ ಕದಲಲ್ಲ. ಪುಸ್ತಕ ತೆಗಿ ಅಂದ್ರೆ ಹತ್ತು ನಿಮಿಷ ಕೂರಲ್ಲ. ಗಮನವೇ ಇಲ್ಲ ಅಂತ ಹೇಗೆ ಹೇಳ್ತೀರಿ? ಇದು ಸೋಮಾರಿತನ ಅಲ್ವಾ?"

ಅಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದೇ. ಕಣ್ಣೆದುರಿಗೆ ಕಾಣುವುದು ಹಾಗೇ ಇರುತ್ತದೆ.

ಈ ಮಕ್ಕಳಲ್ಲಿ ಗಮನ ಖಂಡಿತ ಇದೆ. ಅದನ್ನು ಬೇಕಾದ ಕಡೆ, ಬೇಕಾದ ಹೊತ್ತಿಗೆ ತಿರುಗಿಸಿ ನಿಲ್ಲಿಸುವುದು ಕಷ್ಟ. ಮೊಬೈಲ್ ಗೇಮ್ ಆಡುವಾಗ ಆ ಕೆಲಸವನ್ನು ಗೇಮೇ ಮಾಡಿಕೊಡುತ್ತದೆ. ಕೆಲವೇ ಸೆಕೆಂಡಿಗೆ ಒಂದು ಸದ್ದು, ಒಂದು ಪಾಯಿಂಟ್, ಒಂದು ಹೊಸ ಬಣ್ಣ. ತಪ್ಪಾದರೆ ಆಗಲೇ ಗೊತ್ತಾಗುತ್ತದೆ, ಗೆದ್ದರೆ ಆಗಲೇ ಖುಷಿ. ಸಮಾಜ ವಿಜ್ಞಾನದ ಪುಸ್ತಕ ಹಾಗಲ್ಲ. ಇವತ್ತು ಓದಿದ್ದಕ್ಕೆ ಫಲ ಸಿಗುವುದು ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ. ಅಲ್ಲಿವರೆಗೆ ಮನಸ್ಸನ್ನು ಎಳೆದುಕೊಂಡು ಹೋಗುವ ಬಲ ಒಳಗಿನಿಂದಲೇ ಬರಬೇಕು. ಬೇಸರದ ಕೆಲಸ ನಮಗೂ ಬೇಸರವೇ. ಆದರೆ "ಮುಗಿಸಿಬಿಡೋಣ, ಆಮೇಲೆ ಆರಾಮಾಗಿ ಇರಬಹುದು" ಅಂತ ನಮ್ಮ ಮಿದುಳು ನಮ್ಮನ್ನು ಹೇಗೋ ಒಪ್ಪಿಸುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಈ ಒಪ್ಪಿಸುವ ಏರ್ಪಾಟು ದುರ್ಬಲ. ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳು ಮಿದುಳಿನ ಮುಂಭಾಗದಲ್ಲಿ ಕೆಲಸ ಮಾಡುವ ರೀತಿಗೂ ಇದಕ್ಕೂ ನಂಟಿದೆ. ಬೋರ್‌ವೆಲ್‌ನಲ್ಲಿ ನೀರಿದೆ, ಮೋಟರ್ ಸರಿಯಿದೆ, ಸ್ಟಾರ್ಟರ್ ಮಾತ್ರ ಕೈಕೊಡುತ್ತದೆ, ಹಾಗೆ.

ಒಂದು ಸಂಜೆ ಹೇಗಿರುತ್ತದೆ ಹೇಳುತ್ತೇನೆ. ಮೂರನೇ ಕ್ಲಾಸಿನ ಹುಡುಗ, ಕಳೆಯುವ ಲೆಕ್ಕ ಎಂಟು. ಮೊದಲನೇದು ಸರಿಯಾಗಿ ಮಾಡಿದ. ಎರಡನೇದರಲ್ಲಿ ಪಕ್ಕದ ಮನೆಯಿಂದ ಸಾಲ ತರಬೇಕು. ಪೆನ್ಸಿಲ್ ಮೊನೆ ನೋಡಿದ. ಮೆಂಡರ್ ಹುಡುಕಿದ. ಅದು ಬ್ಯಾಗಿನ ತಳದಲ್ಲಿತ್ತು, ಅದರ ಜೊತೆ ಒಂದು ಗೋಲಿಯೂ ಸಿಕ್ಕಿತು. ಗೋಲಿ ಮೇಜಿನ ಮೇಲೆ ಉರುಳಿತು, ಕೆಳಗೆ ಬಿತ್ತು, ಅವನೂ ಕೆಳಗೆ ಹೋದ. ಎದ್ದು ಬಂದು ನಾಲ್ಕನೇ ಲೆಕ್ಕ ಶುರು ಮಾಡಿದ. ಎರಡು, ಮೂರು ಖಾಲಿ. "ಯಾಕೋ ಪುಟ್ಟ, ಇವೆರಡು ಬಿಟ್ಟೆ?" ಅಂದರೆ ಅವನಿಗೇ ಆಶ್ಚರ್ಯ, ಬಿಟ್ಟಿದ್ದೇ ಗೊತ್ತಿಲ್ಲ. ಹಾಳೆಯನ್ನು ಮಡಚಿ ಒಂದೇ ಲೆಕ್ಕ ಕಾಣುವ ಹಾಗೆ ಮಾಡಿ ಪಕ್ಕದಲ್ಲಿ ಕೂತೆ. ಎರಡನೇದೂ ಆಯಿತು, ಮೂರನೇದೂ ಆಯಿತು, ಎರಡೂ ಸರಿ. ಲೆಕ್ಕ ಅವನಿಗೆ ಬರುತ್ತದೆ. ಬರುವುದನ್ನು ಕೂತು ಮಾಡಿ ಮುಗಿಸುವುದೇ ತೊಡಕು. ಮನೆಯಲ್ಲಿ ಇದೇ ಹುಡುಗನಿಗೆ "ಬರುತ್ತೆ, ಬೇಕಂತಲೇ ಮಾಡಲ್ಲ" ಅಂತ ಏಟು ಬೀಳುತ್ತಿತ್ತು. ನನಗೆ ಸಂಕಟ ಆಗುವುದೇ ಇಲ್ಲಿ. ಅವನಿಂದ ಆಗದೇ ಇದ್ದದ್ದಕ್ಕೆ ಏಟು ತಿನ್ನುತ್ತಾನೆ. ದಿನಾ ತಿಂದು ತಿಂದು ಕೊನೆಗೆ ತಾನು ದಡ್ಡ ಅಂತ ನಂಬಿಬಿಡುತ್ತಾನೆ.

"ಈಗಿನ ಕಾಲದ ಕಾಯಿಲೆ ಇದು, ಮೊಬೈಲ್‌ನಿಂದ ಬಂದಿದ್ದು" ಅನ್ನುವವರಿದ್ದಾರೆ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆಗ ಟಿವಿಯೂ ಇರಲಿಲ್ಲ. ಸಕ್ಕರೆ ತಿಂದರೆ ಬರುತ್ತದೆ ಅನ್ನುವುದೂ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಅಮ್ಮ ಕೆಲಸಕ್ಕೆ ಹೋಗುವುದರಿಂದ ಬರುತ್ತದೆ ಅನ್ನುವ ಮಾತಂತೂ ದಯವಿಟ್ಟು ಆಡಬೇಡಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ವಂಶವಾಹಿಯ ಪಾಲು ಶೇಕಡ 70ಕ್ಕೂ ಜಾಸ್ತಿ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಬೇರೆ ಮಕ್ಕಳ ಮಿದುಳಿನ ಹೊರಪದರ ಸುಮಾರು ಏಳೂವರೆ ವರ್ಷಕ್ಕೆ ಮುಟ್ಟುವ ಹಂತವನ್ನು ಈ ಮಕ್ಕಳದ್ದು ಹತ್ತೂವರೆಗೆ ಮುಟ್ಟಿತ್ತು. ಯೋಚಿಸಿ ಹೆಜ್ಜೆ ಇಡಲು ಬೇಕಾದ ಮುಂಭಾಗದಲ್ಲೇ ಈ ತಡ ಎದ್ದು ಕಾಣುತ್ತಿತ್ತು. ಒಂಬತ್ತು ವರ್ಷದ ಮಗು ಆರರ ಮಗುವಿನ ಹಾಗೆ ತಾಳ್ಮೆ ಕೆಡುತ್ತದೆ ಅಂದಾಗ ನಾನು ಅಪ್ಪ ಅಮ್ಮಂದಿರಿಗೆ ಇದನ್ನು ನೆನಪಿಸುತ್ತೇನೆ. ಹಾಗಂತ ಬುದ್ಧಿ ಕಡಿಮೆ ಅಂತಲ್ಲ.

ಓಡಾಡುವ ಮಕ್ಕಳೆಲ್ಲರಿಗೂ ಎಡಿಎಚ್‌ಡಿ ಇರುವುದಿಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ, ಶಾಲೆ ಎರಡೂ ಕಡೆ ಕಾಣಬೇಕು, ದಿನದ ಬದುಕಿಗೆ ತೊಂದರೆ ಕೊಡುತ್ತಿರಬೇಕು. ಕಿವಿ, ಕಣ್ಣು, ನಿದ್ದೆ, ಥೈರಾಯ್ಡ್ ತೊಂದರೆ, ಕಣ್ಣು ಪಿಳಿಪಿಳಿ ಬಿಟ್ಟು ನಿಂತುಬಿಡುವ ಥರದ ಫಿಟ್ಸ್, ಇವೆಲ್ಲ ಇಲ್ಲ ಅಂತ ಡಾಕ್ಟರ್ ನೋಡುತ್ತಾರೆ. ಇಡೀ ಕ್ಲಾಸಿನಲ್ಲಿ ಚಿಕ್ಕ ವಯಸ್ಸಿನ ಮಗುವಿಗೆ ಸುಮ್ನೆ ಈ ಹಣೆಪಟ್ಟಿ ಬೀಳುವುದು ಜಾಸ್ತಿ ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ಐದೂವರೆಗೇ ಒಂದನೇ ಕ್ಲಾಸಿಗೆ ಸೇರಿಸುವ ಆತುರ ನನಗೆ ಹಿಡಿಸದಿರುವುದಕ್ಕೆ ಇದೂ ಒಂದು ಕಾರಣ. ಹೆಣ್ಣುಮಕ್ಕಳ ಕಥೆ ಉಲ್ಟಾ. ಅವರಲ್ಲಿ ಎಷ್ಟೋ ಜನ ಓಡುವುದಿಲ್ಲ, ಗಲಾಟೆ ಮಾಡುವುದಿಲ್ಲ. ಕಿಟಕಿ ಪಕ್ಕ ಕೂತು ಎಲ್ಲೋ ಕಳೆದುಹೋಗಿರುತ್ತಾರೆ. "ಪಾಪ, ಸಾಧು ಹುಡುಗಿ" ಅನ್ನಿಸಿಕೊಂಡು ಯಾರ ಕಣ್ಣಿಗೂ ಬೀಳುವುದಿಲ್ಲ.

ಏನು ಮಾಡಬೇಕು? ಒಳಗಿನ ಸ್ಟಾರ್ಟರ್ ಕೈಕೊಡುವುದರಿಂದ ಸಹಾಯ ಹೊರಗೆ ಇರಬೇಕು. ಅದೂ ಕೆಲಸ ನಡೆಯುವ ಜಾಗದಲ್ಲಿ, ಆ ಹೊತ್ತಿನಲ್ಲಿ. ರಾತ್ರಿ ಊಟಕ್ಕೆ ಕೂತಾಗ ಅರ್ಧ ಗಂಟೆ ಬುದ್ಧಿ ಹೇಳಿದರೆ ಬೆಳಿಗ್ಗೆ ಹೋಮ್‌ವರ್ಕ್ ಪುಸ್ತಕ ಬ್ಯಾಗಿಗೆ ಹೋಗುವುದಿಲ್ಲ. ಬಾಗಿಲ ಹತ್ತಿರ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಮಗುವಿನ ಕಣ್ಣಿನ ಮಟ್ಟಕ್ಕೆ ಒಂದು ಚೀಟಿ ಅಂಟಿಸಿ: ಟಿಫನ್ ಡಬ್ಬಿ, ನೀರು, ಡೈರಿ. ಚಿಕ್ಕ ಮಗುವಾದರೆ ಚಿತ್ರ ಬರೆಯಿರಿ. "ರೂಮ್ ನೀಟಾಗಿ ಇಡು" ಅನ್ನಬೇಡಿ. "ಬಟ್ಟೆ ಎಲ್ಲ ಬಕೆಟ್ಟಿಗೆ ಹಾಕು" ಅನ್ನಿ, ಅದಾದ ಮೇಲೆ ಮುಂದಿನದು. ಅಡುಗೆಮನೆಯಿಂದ ಕೂಗಿ ಹೇಳಿದ್ದು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗಿರುವುದಿಲ್ಲ. ಹತ್ತಿರ ಹೋಗಿ, ಭುಜ ಮುಟ್ಟಿ, ಒಂದೇ ಮಾತು ಹೇಳಿ.

ಹೊಗಳಿಕೆಯೂ ಆಗಲೇ ಸಿಗಬೇಕು. ತಿಂಗಳ ಕೊನೆಗೆ ಸೈಕಲ್ ಅನ್ನುವ ಆಸೆ ಇವರಿಗೆ ನಾಟುವುದಿಲ್ಲ. ಐದು ಲೆಕ್ಕ ಮುಗಿದರೆ ಐದು ನಿಮಿಷ ಚೆಂಡು ಆಡುವುದು ನಾಟುತ್ತದೆ. ಟೈಮರ್ ಇಡಿ, ಗೋಡೆ ಗಡಿಯಾರವೂ ಸಾಕು, ಸಮಯ ಕಣ್ಣಿಗೆ ಕಾಣಬೇಕು ಅಷ್ಟೆ. ಮೊಬೈಲ್ ಪೂರ್ತಿ ಕಿತ್ತುಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಹೋಮ್‌ವರ್ಕಿಗೆ ಮುಂಚೆ ಕೊಡಬೇಡಿ. ಅಷ್ಟು ಖುಷಿಯಿಂದ ಅಷ್ಟು ಬೇಸರಕ್ಕೆ ಇಳಿಯುವುದು ಯಾರಿಗೂ ಕಷ್ಟ, ಇವರಿಗೆ ಇನ್ನೂ ಕಷ್ಟ. ರಾತ್ರಿ ಅದು ಹಾಲ್‌ನಲ್ಲಿ ಚಾರ್ಜಿಗೆ ಇರಲಿ. ನಿದ್ದೆ ಕೆಟ್ಟರೆ ಮರುದಿನ ಎಲ್ಲವೂ ಹೆಚ್ಚಾಗುತ್ತದೆ.

ಶಾಲೆಯವರಿಗೆ ಒಂದು ಕೋರಿಕೆ. ಇಂಥ ಮಗುವಿಗೆ ಶಿಕ್ಷೆ ಅಂತ ಪಿ.ಟಿ. ಪೀರಿಯಡ್ ಕತ್ತರಿಸಬೇಡಿ. ಅವನನ್ನು ಮುಂದಿನ ಬೆಂಚಿಗೆ ಕರೆಯಿರಿ, ಬೋರ್ಡ್ ಒರೆಸುವ, ಪುಸ್ತಕ ಹಂಚುವ ಕೆಲಸ ಕೊಡಿ. ಎದ್ದು ಓಡಾಡಲು ಅವನಿಗೊಂದು ಗೌರವದ ದಾರಿ ಸಿಗುತ್ತದೆ.

ಮಾತ್ರೆ ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಆ ಭಯ ನನಗೆ ಅರ್ಥವಾಗುತ್ತದೆ. ಆರಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ತರಬೇತಿಯೇ ಸರಿ, ಅಂದರೆ ಮಗುವನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಅಪ್ಪ ಅಮ್ಮಂದಿರಿಗೆ ಕಲಿಸುವುದು. ಅದಕ್ಕಿಂತ ದೊಡ್ಡವರಿಗೆ, ತೊಂದರೆ ಜೋರಾಗಿದ್ದರೆ, ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆ. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿಕೊಂಡ ಅಧ್ಯಯನದ ಫಲಿತಾಂಶ ಬಂತು. ಗಮನ, ಚಡಪಡಿಕೆಗಳ ಮಟ್ಟಿಗೆ ಬರೀ ತರಬೇತಿಗಿಂತ ಸರಿಯಾಗಿ ಡೋಸ್ ನೋಡಿ ಕೊಟ್ಟ ಮಾತ್ರೆ ಹೆಚ್ಚು ಕೆಲಸ ಮಾಡಿತ್ತು. ಎರಡೂ ಸಿಕ್ಕ ಮಕ್ಕಳಿಗೆ ಕಡಿಮೆ ಡೋಸ್ ಸಾಕಾಗಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಮೀಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟಿನ್. ಮೊದಲನೆಯದರ ಸಾಮಾನ್ಯ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯೂ ಇದೆ. ಎರಡನೆಯದು ಪೂರ್ತಿ ಹಿಡಿಯಲು ಕೆಲವು ವಾರ ಬೇಕು. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು, ಹೊಟ್ಟೆನೋವು, ತಲೆನೋವು ಬರಬಹುದು. ಅದಕ್ಕೇ ಎತ್ತರ, ತೂಕ, ಬಿ.ಪಿ. ಆಗಾಗ ನೋಡಿಸಬೇಕು. ಮಾತ್ರೆ ಕೊಡುವ ಮುಂಚೆಯೇ ಬೆಳಗಿನ ತಿಂಡಿ ಹೊಟ್ಟೆ ತುಂಬ ಮಾಡಿಸಿ. ಮೀಥೈಲ್‌ಫೆನಿಡೇಟ್ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿದೆ, ಹಾಗಾಗಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಖಾಲಿಯಾಗುವ ಮುಂಚೆಯೇ ಚೀಟಿ ಹಿಡಿದು ಹೋಗಿ. ಪಕ್ಕದ ಮನೆಯವರ ಮಾತು ಕೇಳಿ ಡೋಸ್ ನೀವೇ ಏರಿಳಿಸಬೇಡಿ.

ಇನ್ನು ದೊಡ್ಡವರು. ಮಗನ ಬಗ್ಗೆ ಪ್ರಶ್ನೆ ಕೇಳುತ್ತಾ ಹೋದಾಗ ಎಷ್ಟೋ ಸಲ ಅಪ್ಪ ತಲೆ ತಗ್ಗಿಸುತ್ತಾರೆ. "ನಾನೂ ಹೀಗೇ ಇದ್ದೆ ಮೇಡಂ, ಈಗಲೂ ಹೀಗೇ." ಒಬ್ಬರ ಮನೆಯಲ್ಲಿ ಕರೆಂಟ್ ಬಿಲ್ ಕಟ್ಟಲು ದುಡ್ಡಿತ್ತು, ಫೋನಿನಲ್ಲಿ ಆ್ಯಪ್ ಇತ್ತು. ಆದರೂ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗಿದ್ದ. ಹೆಂಡತಿಗೆ ಅದು ಬೇಜವಾಬ್ದಾರಿ ಅನ್ನಿಸಿತ್ತು, ಅನ್ನಿಸುವುದು ಸಹಜವೇ. ಬೆಳೆದ ಮೇಲೆ ಓಡಾಟ ಕಡಿಮೆಯಾಗುತ್ತದೆ, ಒಳಗಿನ ಚಡಪಡಿಕೆ ಉಳಿಯುತ್ತದೆ. ಮಕ್ಕಳಲ್ಲಿ ಸುಮಾರು ಶೇಕಡ 5, ದೊಡ್ಡವರಲ್ಲಿ ಸುಮಾರು 2.5 ಅಂತ ಜಗತ್ತಿನ ಲೆಕ್ಕ. ಕೊನೇ ಗಳಿಗೆಯ ಒತ್ತಡ ಬಿದ್ದಾಗ ಮಾತ್ರ ಕೆಲಸ ಆಗುವುದು, ನೌಕರಿ ಬದಲಿಸುತ್ತಲೇ ಇರುವುದು, ಮಾತಿನ ನಡುವೆ ಬಾಯಿ ಹಾಕುವುದು, ಗಾಡಿ ಓಡಿಸುವಾಗ ಅಪಘಾತ ಜಾಸ್ತಿಯಾಗುವುದು. ಇವರಿಗೂ ಸೂತ್ರ ಅದೇ. ಬಿಲ್ಲುಗಳೆಲ್ಲ ಬ್ಯಾಂಕಿನಿಂದ ತಾನಾಗಿ ಕಟ್ ಆಗಲಿ. ಗಾಡಿ ಕೀಗೆ ಒಂದೇ ಮೊಳೆ. ಕಷ್ಟದ ಕೆಲಸಕ್ಕೆ ಕೂರುವಾಗ ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ಕೂತಿರಲಿ. ಮಾತ್ರೆ ಮತ್ತು ಕೌನ್ಸೆಲಿಂಗ್ ದೊಡ್ಡವರಿಗೂ ಇದೆ.

ಎಲ್ಲಿಗೆ ಹೋಗಬೇಕು ಅಂದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ನಿಮ್ಮ ಊರಿನ ಮೆಡಿಕಲ್ ಕಾಲೇಜಿನ ಮನೋವೈದ್ಯರೂ ನೋಡುತ್ತಾರೆ. ಯಾರಿಗೆ ಕೇಳುವುದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವಿಕಲತೆಗಳಲ್ಲಿ ಎಡಿಎಚ್‌ಡಿ ಹೆಸರು ಪ್ರತ್ಯೇಕವಾಗಿ ಇಲ್ಲ. ಆದರೆ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಮತ್ತು ಅದು ಹಲವು ಮಕ್ಕಳಲ್ಲಿ ಇದರ ಜೊತೆಗೇ ಇರುತ್ತದೆ. ಓದು, ಬರಹ, ಲೆಕ್ಕದ ಪರೀಕ್ಷೆಯನ್ನೂ ಮಾಡಿಸಿ ಅಂತ ನೀವೇ ಕೇಳಿ.

ಹೋಗುವಾಗ ಶಾಲೆಯ ಡೈರಿ, ಮಾರ್ಕ್ಸ್ ಕಾರ್ಡ್, ಟೀಚರ್ ಬರೆದ ನಾಲ್ಕು ಸಾಲು ತಗೊಂಡು ಹೋಗಿ. ದೊಡ್ಡವರು ತಮಗಾಗಿ ಹೋಗುವುದಾದರೆ ಅಮ್ಮನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಳ್ಳಿ. ಹನ್ನೆರಡು ವರ್ಷಕ್ಕೆ ಮುಂಚೆ ನೀವು ಹೇಗಿದ್ದಿರಿ ಅಂತ ಡಾಕ್ಟರ್ ಕೇಳಿಯೇ ಕೇಳುತ್ತಾರೆ, ಅದು ನಿಮಗಿಂತ ಚೆನ್ನಾಗಿ ಅವರಿಗೆ ನೆನಪಿರುತ್ತದೆ.